ಮೂರು ಪ್ರೋಗ್ರಾಂ, ಒಂದೇ ಚೀಲದ ಲೆಕ್ಕ: ರಸ್ಟ್‌ನಲ್ಲಿ ನನ್ನ ಅನುಭವ

ಗಂಗಾವತಿಯ ಒಂದು ಅಕ್ಕಿ ಗಿರಣಿಗೆ ನಾನು ಪ್ರೋಗ್ರಾಮಿಂಗ್ ಭಾಷೆಯಾದ ರಸ್ಟ್‌ನಲ್ಲಿ ಮೂರು ಪ್ರೋಗ್ರಾಂಗಳನ್ನು ಬರೆದುಕೊಟ್ಟಿದ್ದೇನೆ: ಕಾಟಾದ ತೂಕ ಹಿಡಿಯುವುದು, ರೈತರ ಬಿಲ್ ಮಾಡುವುದು, ದಿನದ ದಾಸ್ತಾನು ಬರೆಯುವುದು. ಇಷ್ಟಕ್ಕೆ ಎಕ್ಸೆಲ್ ಸಾಕೆಂದ ಗೆಳೆಯರೇ ಈಗ ಮೂರರ ಲೆಕ್ಕವೂ ಹೇಗೆ ತಾಳೆಯಾಗುತ್ತದೆಂದು ಕೇಳುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಕಡೆ ವ್ಯಾಪಾರಿಗಳ ದರ 75 ಕಿಲೋ ಚೀಲಕ್ಕಿದ್ದರೆ, ಬೆಂಬಲ ಬೆಲೆ ಕ್ವಿಂಟಲ್‌ಗೆ ಇರುತ್ತದೆ. ಈ ಪರಿವರ್ತನೆಯ ಫಂಕ್ಷನ್ನನ್ನು ಮೊದಲು ಮೂರೂ ಕಡೆ ನಕಲು ಮಾಡಿದ್ದೆ. ಮಿಕ್ಕ ಕಿಲೋಗಳನ್ನು ಪೂರ್ತಿ ಚೀಲವೆಂದು ಎಣಿಸುವ ತಪ್ಪನ್ನು ಎರಡು ಕಡೆ ತಿದ್ದಿ, ಬಿಲ್‌ನಲ್ಲಿ ತಿದ್ದುವುದನ್ನು ಮರೆತೆ. 18,640 ಕಿಲೋ ಭತ್ತವೆಂದರೆ 248 ಚೀಲ ಮತ್ತು 40 ಕಿಲೋ; ಬಿಲ್‌ನಲ್ಲಿ 249 ಚೀಲವಾಯಿತು. ಇಪ್ಪತ್ತು ಲಾರಿಗಳಾಗುವಷ್ಟರಲ್ಲಿ ಸುಮಾರು 18,000 ರೂಪಾಯಿ ಹೆಚ್ಚಿಗೆ ಹೋಗಿತ್ತು. ರೈತರಿಂದ ವಾಪಸು ಕೇಳುವಂತಿರಲಿಲ್ಲ, ಗಿರಣಿಯವರು ನನ್ನ ಹಣದಲ್ಲೇ ಮುರಿದುಕೊಂಡರು.

ಆಮೇಲೆ ಆ ಫಂಕ್ಷನ್ನನ್ನು ಒಂದೇ ಫೈಲಿನಲ್ಲಿಟ್ಟು, ಫೈಲು ಎಲ್ಲಿದೆಯೆಂದು ತೋರಿಸುವ ಪಾತ್ ಅಟ್ರಿಬ್ಯೂಟ್ ಹಚ್ಚಿ, ಬೇಕಾದ ಪ್ರತಿ ಫೈಲಿನಲ್ಲೂ ಅದೇ ಫೈಲನ್ನು ‘ಮಾಡ್’ (ಮಾಡ್ಯೂಲ್) ಎಂದು ಘೋಷಿಸಿದೆ. ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್, ಟೈಪು (ದತ್ತಾಂಶದ ಬಗೆ) ಹೊಂದುವುದಿಲ್ಲವೆಂಬ ಇ0308 ದೋಷ ತೋರಿಸಿ ನಿಲ್ಲಿಸಿತು: ಹೆಸರು ಒಂದೇ ಇದ್ದರೂ ಎರಡು ‘ತೂಕ’ಗಳು ಬೇರೆ ಬೇರೆ ಟೈಪುಗಳಾಗಿದ್ದವು. ‘ಮಾಡ್’ ಎಂಬುದು ಫೈಲನ್ನು ತಂದು ಸೇರಿಸುವ ಮಾತಲ್ಲ, ಒಟ್ಟಿಗೆ ಕಂಪೈಲ್ ಆಗುವ ಕೋಡಿನ ಗಂಟಾದ ಕ್ರೇಟ್‌ನಲ್ಲಿ ಅದಕ್ಕೊಂದು ಜಾಗ ಕೊಡುವ ಮಾತು. ಒಮ್ಮೆ ಕೊಟ್ಟರೆ ಉಳಿದವರು ‘ಯೂಸ್’ ಎಂದು ಕರೆಯಬೇಕಷ್ಟೆ. ಇದು ಮನಸ್ಸಿಗೆ ಇಳಿಯಲು ನನಗೆ ನಾಲ್ಕು ರಾತ್ರಿ ಹಿಡಿಯಿತು.

ಕೊನೆಗೆ ಲೆಕ್ಕವನ್ನೆಲ್ಲ ಹಂಚಿಕೆಯ ಲೈಬ್ರರಿಯ ಮೂಲ ಫೈಲಾದ ಲಿಬ್.ಆರ್‌ಎಸ್ ಅಡಿಗೆ ತಂದು, ಮೂರು ಪ್ರೋಗ್ರಾಂಗಳನ್ನು, ಓಡಿಸುವ ಪ್ರೋಗ್ರಾಂಗಳಿಗೆಂದೇ ಇರುವ ಬಿನ್ ಫೋಲ್ಡರಿನಲ್ಲಿಟ್ಟೆ. ಆಗಲೂ ಎರಡು ಕಡೆ ಎಡವಿದೆ. ಬಿನ್‌ನ ಪ್ರತಿ ಫೈಲೂ ಬೇರೆಯೇ ಕ್ರೇಟ್ ಆದ್ದರಿಂದ ಅಲ್ಲಿ ‘ಕ್ರೇಟ್::’ ಎಂದರೆ ಲೆಕ್ಕದ ಕೋಡು ಸಿಗುವುದಿಲ್ಲ, ಪ್ಯಾಕೇಜಿನ ಹೆಸರನ್ನೇ ಬರೆಯಬೇಕು. ಗಿರಣಿ-ಲೆಕ್ಕ ಎಂಬ ಹೆಸರು ಕೋಡಿನಲ್ಲಿ ಗಿರಣಿ_ಲೆಕ್ಕ ಆಗುತ್ತದೆ. ಅಲ್ಲಿಗೆ ಕಾಣಬೇಕಾದ ಫಂಕ್ಷನ್ನಿಗೆ ಅದೇ ಕ್ರೇಟಿನೊಳಗೆ ಮಾತ್ರ ತೋರಿಸುವ ‘ಪಬ್(ಕ್ರೇಟ್)’ ಸಾಲದು, ಹೊರಗೂ ತೋರಿಸುವ ಬರೀ ‘ಪಬ್’ ಬೇಕು.

ಕಾಟಾದ ಸೀರಿಯಲ್ ಪೋರ್ಟ್ ಲೈಬ್ರರಿಯ ಗೊಡವೆ ಬಿಲ್‌ಗೆ ಬೇಡವೆಂದು ಪ್ರೋಗ್ರಾಂಗಳನ್ನು ಮೂರು ಪ್ಯಾಕೇಜುಗಳಾಗಿ ಒಡೆದೂ ನೋಡಿದೆ. ವರ್ಕ್‌ಸ್ಪೇಸ್ (ಪ್ಯಾಕೇಜುಗಳನ್ನು ಒಂದೇ ಕಡೆ ಕಟ್ಟಿಡುವ ವ್ಯವಸ್ಥೆ) ಇಲ್ಲದೆ, ಕಂಪೈಲ್ ಆದದ್ದನ್ನು ಇಡುವ ಮೂರು ಟಾರ್ಗೆಟ್ ಫೋಲ್ಡರುಗಳು ಸೇರಿ ಐದು ಜಿಬಿಯ ಹತ್ತಿರ ಬೆಳೆದವು. 4 ಜಿಬಿ ರ‍್ಯಾಮಿನ ಹಳೆಯ ಕಂಪ್ಯೂಟರಿನಲ್ಲಿ ಒಂದೇ ಅವಲಂಬನೆ (ಬಳಸುವ ಹೊರಗಿನ ಲೈಬ್ರರಿ) ಮೂರು ಸಲ ಕಂಪೈಲ್ ಆಗುವುದನ್ನು ಕಾಯುತ್ತ ಕೂತಿರುತ್ತಿದ್ದೆ. ವರ್ಕ್‌ಸ್ಪೇಸ್ ಮಾಡಿದ ಮೇಲೆ ಟಾರ್ಗೆಟ್ ಒಂದೇ ಆಗಿ, ಎರಡು ಜಿಬಿಯೊಳಗೆ ನಿಂತಿದೆ. ಪರೀಕ್ಷೆಗಳ ಹಂಚಿಕೆಯ ಕೋಡನ್ನು ಟೆಸ್ಟ್ಸ್ ಫೋಲ್ಡರಿನ ಕಾಮನ್ ಉಪಫೋಲ್ಡರಿನಲ್ಲಿ ಮಾಡ್.ಆರ್‌ಎಸ್ ಎಂದು ಇಟ್ಟಿದ್ದೇನೆ, ಹೊರಗೆ ಕಾಮನ್.ಆರ್‌ಎಸ್ ಎಂದಿಟ್ಟರೆ, ರಸ್ಟ್ ಕೋಡನ್ನು ಕಟ್ಟಿ ಓಡಿಸುವ ಸಾಧನವಾದ ಕಾರ್ಗೋ ಅದನ್ನೂ ಒಂದು ಪರೀಕ್ಷೆಯೆಂದು ಓಡಿಸುತ್ತದೆ.

ಲಾರಿ ಅಲುಗಾಡುವಾಗ ಕುಣಿಯುವ ತೂಕದಿಂದ ಸ್ಥಿರ ಅಂಕಿ ಹಿಡಿಯುವ ಉಪಾಯವನ್ನು ಇಲ್ಲಿ ಹೇಳುವುದಿಲ್ಲ, ಅದು ನನ್ನ ಹೊಟ್ಟೆಪಾಡು. ಕಾರಟಗಿಯ ಎರಡನೆಯ ಗಿರಣಿಗೆ ಲೆಕ್ಕದ ಕ್ರೇಟ್‌ನಲ್ಲಿ ಒಂದು ಸಾಲನ್ನೂ ಮುಟ್ಟದೆ ಮೂರೇ ದಿನಗಳಲ್ಲಿ ಕೆಲಸ ಮುಗಿಸಿಕೊಟ್ಟೆ.