ಉದ್ದದ ಇಂಗ್ಲಿಷ್ ಪದ ಎದುರಾದಾಗ

ಓದುವಾಗ ತಡವರಿಸುವ ಮಕ್ಕಳಿಗೆ ನಾನು ಮೊದಲು ಹೇಳುವುದು ಇಷ್ಟೇ: ಪದವನ್ನು ಬಾಲದಿಂದ ಬಿಡಿಸಿ. ‘ಅನ್‌ಬಿಲೀವಬಲ್’ ನೋಡಿ. ಕೊನೆಯ ‘ಅಬಲ್’ ಕಳಚಿ, ಮೊದಲಿನ ‘ಅನ್’ ಕಳಚಿ. ನಡುವೆ ಉಳಿಯುವ ‘ಬಿಲೀವ್’ ಗೊತ್ತಿರುವ ಪದವೇ. ಬರಹದಲ್ಲಿ ಅದರ ಕೊನೆಯ ‘e’ ಅಕ್ಷರ ಮಾತ್ರ ಬಿದ್ದುಹೋಗಿರುತ್ತದೆ.

ಆಮೇಲೆ ಉಚ್ಚಾರಾಂಶಗಳನ್ನು, ಅಂದರೆ ಒಂದೇ ಸಲಕ್ಕೆ ಬಾಯಿಂದ ಹೊರಡುವ ತುಣುಕುಗಳನ್ನು ಎಣಿಸಿ. ಗದ್ದದ ಕೆಳಗೆ ಅಂಗೈ ಇಟ್ಟು ನಿಧಾನವಾಗಿ ಹೇಳಿದರೆ, ಗದ್ದ ಇಳಿದಷ್ಟು ಸಲ ಒಂದೊಂದು ಉಚ್ಚಾರಾಂಶ. ಬರೆದ ಸ್ವರಾಕ್ಷರಗಳನ್ನು ನಂಬಬೇಡಿ: ‘ಕೇಕ್’ (cake) ಪದದಲ್ಲಿ ಅವು ಎರಡು, ಉಚ್ಚಾರಾಂಶ ಒಂದೇ.

ನಮಗೆ ನಿಜವಾದ ತೊಡಕು ಒತ್ತು. ಎಲ್ಲ ಅಕ್ಷರಕ್ಕೂ ಹೆಚ್ಚುಕಡಿಮೆ ಒಂದೇ ಬಲ ಕೊಡುವ ನಾಲಿಗೆ ನಮ್ಮದು. ಇಂಗ್ಲಿಷಿನಲ್ಲಿ ಒಂದು ಭಾಗ ಎದ್ದು ನಿಲ್ಲುತ್ತದೆ, ಉಳಿದ ಸ್ವರಗಳು ಸೊರಗುತ್ತವೆ. ‘ಫೋಟೊಗ್ರಾಫ್’ನಲ್ಲಿ ಒತ್ತು ಮೊದಲ ಭಾಗಕ್ಕೆ, ‘ಫಟಾಗ್ರಫಿ’ಯಲ್ಲಿ ಎರಡನೆಯದಕ್ಕೆ, ‘ಫೋಟೊಗ್ರಾಫಿಕ್’ನಲ್ಲಿ ಮೂರನೆಯದಕ್ಕೆ. ಒಂದೇ ಮೂಲ, ಮೂರು ನಡಿಗೆ! ಇದನ್ನು ಕಿವಿಯಲ್ಲಿ ಕೇಳಿಸಿಕೊಂಡ ಮಗುವಿನ ಮುಖ ಅರಳುವುದನ್ನು ನೋಡುವುದೇ ನನಗೆ ಖುಷಿ.

ಕೊನೆಯಲ್ಲಿ ‘ಇಕ್’ ಅಥವಾ ‘ಶನ್’ ಬಂದರೆ ಸಾಮಾನ್ಯವಾಗಿ ಅದರ ಹಿಂದಿನ ಭಾಗಕ್ಕೇ ಒತ್ತು: ಕ–ಮ್ಯೂ–ನಿ–ಕೇ–ಶನ್, ಇಲ್ಲಿ ‘ಕೇ’ಗೆ. ಮೇಜು ತಟ್ಟುತ್ತಾ ಹೇಳಿ: ಒತ್ತಿರುವಲ್ಲಿ ಅಂಗೈಯಿಂದ, ಉಳಿದೆಡೆ ಬೆರಳ ತುದಿಯಿಂದ.