ಭಯೋತ್ಪಾದನೆ ಮತ್ತು ಪ್ರತಿದಾಳಿ: ಕಾಲೇಜಿನಲ್ಲಿ ಚರ್ಚೆ ಕಟ್ಟುವ ಬಗೆ

‘ಭಯೋತ್ಪಾದನೆಗೆ ಸೇನಾ ಪ್ರತೀಕಾರವೇ ತಕ್ಕ ಉತ್ತರ’. ಚರ್ಚಾಸ್ಪರ್ಧೆಗೆ ಸಾಮಾನ್ಯವಾಗಿ ಕೊಡುವ ವಿಷಯ ಇದು. ಕಾರವಾರದಲ್ಲಿ ಕೊಟ್ಟರೂ ಅಷ್ಟೆ, ಘಟ್ಟ ಹತ್ತಿ ಶಿರಸಿ, ಸಿದ್ದಾಪುರದಲ್ಲಿ ಕೊಟ್ಟರೂ ಅಷ್ಟೆ: ಪರದವರು ಹುತಾತ್ಮರ ಹೆಸರು ಹೇಳುತ್ತಾರೆ, ವಿರೋಧದವರು ಬುದ್ಧ, ಗಾಂಧಿ ಎನ್ನುತ್ತಾರೆ, ಚಪ್ಪಾಳೆ ಜೋರಾಗಿ ಬಿದ್ದ ಕಡೆಗೆ ಪಾರಿತೋಷಕ ಹೋಗುತ್ತದೆ. ಇದರಲ್ಲಿ ಮಾತಾಡಿದ ಮಕ್ಕಳ ತಪ್ಪು ಕಡಿಮೆ, ವಿಷಯ ಕೊಟ್ಟವರದ್ದೇ ಹೆಚ್ಚು. ಒಂದೇ ಸಾಲಿನೊಳಗೆ ಮೂರು ಪ್ರಶ್ನೆ ತುರುಕಿದ್ದಾರೆ. ದಾಳಿಕೋರರು ಯಾಕೆ ದಾಳಿ ಮಾಡಿದರು? ತಿರುಗಿ ಹೊಡೆಯುವುದು ನ್ಯಾಯವೇ? ಹೊಡೆದರೆ ದಾಳಿ ನಿಲ್ಲುತ್ತದೆಯೇ? ಮೊದಲನೆಯದಕ್ಕೆ ಪುರಾವೆ ಬೇಕು, ಎರಡನೆಯದಕ್ಕೆ ಕಾನೂನು ಮತ್ತು ನೀತಿಯ ಅಳತೆಗೋಲು ಬೇಕು, ಮೂರನೆಯದಕ್ಕೆ ಹಿಂದಿನ ಕಾರ್ಯಾಚರಣೆಗಳ ಲೆಕ್ಕ ಬೇಕು.

ವಿಷಯದ ಸಾಲು ಬರೆಯುವುದು

ಒಂದು ಸುತ್ತಿಗೆ ಒಂದೇ ಪ್ರಶ್ನೆ ಇಡಿ. ಕಾರಣಗಳ ಸುತ್ತಿಗೆ ‘ಆತ್ಮಾಹುತಿ ದಾಳಿಗಳ ಹಿಂದೆ ಧರ್ಮಕ್ಕಿಂತ ನೆಲದ ಪ್ರಶ್ನೆಯೇ ದೊಡ್ಡದು’ ಎಂಬಂಥ ಸಾಲು ಸಾಕು. ನ್ಯಾಯದ ಸುತ್ತಿಗೆ ಒಂದು ನಿರ್ದಿಷ್ಟ ಘಟನೆ ಹಿಡಿಯಿರಿ: ‘2001ರಲ್ಲಿ ಅಮೆರಿಕ ಅಫ್ಘಾನಿಸ್ತಾನದ ಮೇಲೆ ಯುದ್ಧ ಹೂಡಿದ್ದು ನ್ಯಾಯಸಮ್ಮತ.’ ಫಲದ ಸುತ್ತಿಗೆ ಅದೇ ಯುದ್ಧವನ್ನು ಇಟ್ಟುಕೊಂಡು ‘ಅದು ತನ್ನ ಉದ್ದೇಶ ಸಾಧಿಸಿತು’ ಎಂದು ಕೊಡಬಹುದು. ಅಕ್ಟೋಬರ್ 7ಕ್ಕೆ ಶುರುವಾದ ಆ ಯುದ್ಧ ಮುಗಿದದ್ದು 2021ರ ಆಗಸ್ಟಿನಲ್ಲಿ, ತಾಲಿಬಾನ್ ಮತ್ತೆ ಕಾಬೂಲಿಗೆ ಬಂದಾಗ. ಈ ನಡುವೆ 2011ರ ಮೇ 2ರಂದು ಅಲ್ ಕೈದಾ ನಾಯಕ ಬಿನ್ ಲಾಡೆನ್ ಸತ್ತದ್ದು ಪಾಕಿಸ್ತಾನದ ಅಬ್ಬೊಟಾಬಾದಿನಲ್ಲಿ. ಎರಡೂ ಕಡೆಗೆ ಬೇಕಾದಷ್ಟು ಸರಕು ಇದರಲ್ಲೇ ಇದೆ.

‘ಪ್ರತೀಕಾರ’ ಎಂಬ ಪದವನ್ನು ಮಾತ್ರ ವಿಷಯದಲ್ಲಿ ಹಾಕಬೇಡಿ. ವಿಶ್ವಸಂಸ್ಥೆಯ ಸನ್ನದಿನ 51ನೇ ವಿಧಿ ಒಪ್ಪುವುದು ಆತ್ಮರಕ್ಷಣೆಯನ್ನು. ಸೇಡಿಗಾಗಿ ಬಲ ಬಳಸಕೂಡದೆಂದು ಮಹಾಸಭೆಯ 1970ರ ಘೋಷಣೆ ಹೇಳುತ್ತದೆ. ವಿಷಯದಲ್ಲೇ ಪ್ರತೀಕಾರ ಎಂದುಬಿಟ್ಟರೆ ಪರದ ತಂಡ ಬಾಯಿ ತೆರೆಯುವ ಮೊದಲೇ ಅರ್ಧ ಸೋತಂತೆ. ಸರಕಾರಗಳಿಗೆ ಇದು ಚೆನ್ನಾಗಿ ಗೊತ್ತು. 2019ರ ಫೆಬ್ರುವರಿ 26ರ ಬಾಲಾಕೋಟ್ ದಾಳಿಯನ್ನು ನಮ್ಮ ವಿದೇಶಾಂಗ ಕಾರ್ಯದರ್ಶಿ ಕರೆದದ್ದು ‘ಸೇನೇತರ ಮುಂಜಾಗ್ರತಾ ಕ್ರಮ’ ಎಂಬ ಅರ್ಥದ ಮಾತಿನಲ್ಲಿ. ಸೇನಾನೆಲೆ ಮುಟ್ಟಿಲ್ಲ, ಮುಂದೆ ಬರಲಿದ್ದ ದಾಳಿಯನ್ನು ತಡೆದಿದ್ದೇವೆ ಎಂಬ ಎರಡು ವಾದ ಅದರಲ್ಲಿ ಅಡಗಿವೆ. ಪರದ ತಂಡಕ್ಕೆ ಈ ಹೇಳಿಕೆಯನ್ನು ಬಿಡಿಸಿ ಓದಲು ಹೇಳಿ. ಅರ್ಧ ತಯಾರಿ ಅಲ್ಲೇ ಮುಗಿಯುತ್ತದೆ.

ವ್ಯಾಖ್ಯೆಯ ಮೇಲೆ ಹತ್ತು ನಿಮಿಷ ಹಾಳಾಗದಂತೆ ನೋಡಿಕೊಳ್ಳಿ. ಭಯೋತ್ಪಾದನೆಯ ವಿರುದ್ಧ ಸಮಗ್ರ ಒಪ್ಪಂದವಾಗಲಿ ಎಂದು ಭಾರತ 1996ರಲ್ಲೇ ವಿಶ್ವಸಂಸ್ಥೆಯಲ್ಲಿ ಪ್ರಸ್ತಾವ ಇಟ್ಟಿತು. ವಿಮೋಚನಾ ಹೋರಾಟ ಇದರೊಳಗೆ ಬರುತ್ತದೆಯೇ, ಸರಕಾರಿ ಸೇನೆಗಳೂ ಬರುತ್ತವೆಯೇ ಎಂಬ ತಕರಾರಿನಲ್ಲೇ ಅದು ಇನ್ನೂ ಕೂತಿದೆ. ದೊಡ್ಡ ದೊಡ್ಡ ರಾಜತಾಂತ್ರಿಕರಿಂದ ಆಗದ್ದು ಪಿಯುಸಿ ಮಕ್ಕಳಿಂದ ಒಂದು ಮಧ್ಯಾಹ್ನದಲ್ಲಿ ಆಗುವುದಿಲ್ಲ. ಸಂಘಟಕರೇ ಒಂದು ವ್ಯಾಖ್ಯೆ ಬರೆದು ಮೂರು ವಾರ ಮೊದಲೇ ಎಲ್ಲ ತಂಡಗಳಿಗೆ ಕೊಡಿ: ರಾಜಕೀಯ ಗುರಿಗಾಗಿ, ಜನರಲ್ಲಿ ಭೀತಿ ಹುಟ್ಟಿಸಲು, ನಿಶ್ಶಸ್ತ್ರರ ಮೇಲೆ ಉದ್ದೇಶಪೂರ್ವಕವಾಗಿ ನಡೆಸುವ ಹಿಂಸೆ. ಹೀಗೆ ಹಿಡಿದರೆ ಸೇನಾನೆಲೆಯ ಮೇಲಿನ ದಾಳಿ ಹೊರಗೆ ಉಳಿಯುತ್ತದೆ. ಉರಿಯನ್ನೋ ಪುಲ್ವಾಮಾವನ್ನೋ ಚರ್ಚೆಗೆ ತರುವುದಾದರೆ ‘ಅಥವಾ ಯುದ್ಧವಿಲ್ಲದ ಹೊತ್ತಿನಲ್ಲಿ ಭದ್ರತಾ ಪಡೆಗಳ ಮೇಲೆ’ ಎಂದು ಸೇರಿಸಲು ಮರೆಯಬೇಡಿ. ಮರೆತರೆ ವಿರೋಧದ ಚುರುಕು ಹುಡುಗಿಯೊಬ್ಬಳು ಎದ್ದು ನಿಂತು ಇಡೀ ಸುತ್ತನ್ನು ಅಲ್ಲೇ ನಿಲ್ಲಿಸುತ್ತಾಳೆ.

ಭಗತ್ ಸಿಂಗ್ ಪ್ರಶ್ನೆ ಬಂದೇ ಬರುತ್ತದೆ, 1930ರ ಉಪ್ಪಿನ ಸತ್ಯಾಗ್ರಹದ ಅಂಕೋಲೆಯಲ್ಲಂತೂ ತಪ್ಪುವುದೇ ಇಲ್ಲ. ‘ಬ್ರಿಟಿಷರೂ ಅವರನ್ನು ಭಯೋತ್ಪಾದಕ ಎಂದೇ ಕರೆದರಲ್ಲ?’ ಉತ್ತರ ಮೇಲಿನ ವ್ಯಾಖ್ಯೆಯಲ್ಲಿದೆ. 1929ರ ಏಪ್ರಿಲ್ 8ರಂದು ಶಾಸನಸಭೆಯಲ್ಲಿ ಬಾಂಬ್ ಎಸೆದದ್ದು ಕೊಲ್ಲಲಿಕ್ಕಲ್ಲ; ಎಸೆದವರು ಓಡದೆ ನಿಂತು ಸೆರೆಯಾದರು. ಗುರಿ ಯಾರು, ಸತ್ತವರು ಯಾರು ಎಂಬುದನ್ನು ನೋಡಿ, ಬೈದವರು ಯಾರು ಎಂಬುದನ್ನಲ್ಲ.

ಕಾರಣಗಳನ್ನು ಪದರ ಪದರವಾಗಿ ಬಿಡಿಸುವುದು

‘ಬಡತನ’, ‘ಧರ್ಮ’, ‘ಅನ್ಯಾಯ’ ಎಂದು ಒಂದೇ ಪದದಲ್ಲಿ ಕಾರಣ ಹೇಳುವ ತಂಡ ಖಂಡನೆಯಲ್ಲಿ ಉದುರುತ್ತದೆ. ಪ್ರತಿ ಘಟನೆಯಲ್ಲೂ ಮೂವರನ್ನು ಬೇರೆ ಬೇರೆ ಹಿಡಿಯಬೇಕು: ಬಂದೂಕು ಹಿಡಿದವನು, ಅವನನ್ನು ಕಳಿಸಿದ ಸಂಘಟನೆ, ಸಂಘಟನೆಗೆ ನೆಲ ಮತ್ತು ಹಣ ಕೊಟ್ಟವರು. ಮೂವರ ಉದ್ದೇಶ ಒಂದೇ ಆಗಿರುವುದು ಅಪರೂಪ.

2008ರ ಮುಂಬೈ ದಾಳಿ ತೆಗೆದುಕೊಳ್ಳಿ. 166 ಜನ ಸತ್ತರು. ಬದುಕಿ ಸಿಕ್ಕ ಕಸಬ್ ಶಾಲೆ ಬಿಟ್ಟು ಕೂಲಿಗೆ ಹೋಗುತ್ತಿದ್ದವನು. ಆದರೆ ದಾಳಿ ನಡೆಯುತ್ತಿದ್ದಾಗಲೇ ಫೋನಿನಲ್ಲಿ ಹೀಗೆ ಮಾಡು, ಹಾಗೆ ಮಾಡು ಎಂದು ಹೇಳುತ್ತಿದ್ದವರು ಪಾಕಿಸ್ತಾನದಲ್ಲಿ ಕೂತಿದ್ದರು. ಅವರ ಲೆಕ್ಕಾಚಾರವೇ ಬೇರೆ. ಬಡತನ ಕಸಬ್‌ನನ್ನು ವಿವರಿಸಬಹುದು, ಅವನನ್ನು ಕಳಿಸಿದ ಲಷ್ಕರ್ ಸಂಘಟನೆಯನ್ನು ವಿವರಿಸುವುದಿಲ್ಲ. ಇದಕ್ಕೆ ತಿರುವುಮುರುವು 2001ರ ಸೆಪ್ಟೆಂಬರ್ 11. ವಿಮಾನ ಅಪಹರಿಸಿದ 19 ಜನರ ಮುಂದಾಳು ಜರ್ಮನಿಯ ಹ್ಯಾಂಬರ್ಗಿನಲ್ಲಿ ನಗರ ಯೋಜನೆ ಓದಿದವನು, ಬಿನ್ ಲಾಡೆನ್ ಶ್ರೀಮಂತ ಮನೆತನದವನು. ಬಡತನದ ವಾದ ಇಲ್ಲಿ ನಿಲ್ಲುವುದಿಲ್ಲ. 1996 ಮತ್ತು 1998ರಲ್ಲಿ ಅವನು ಹೊರಡಿಸಿದ ಘೋಷಣೆಗಳಲ್ಲಿ ಸೌದಿ ನೆಲದ ಅಮೆರಿಕನ್ ಸೇನೆ, ಇರಾಕ್ ಮೇಲಿನ ದಿಗ್ಬಂಧನ, ಪ್ಯಾಲೆಸ್ತೀನ್ ಇವೆಲ್ಲ ಇವೆ, ಧರ್ಮದ ಭಾಷೆಯಲ್ಲಿ. ಧರ್ಮವೋ ರಾಜಕೀಯವೋ ಎಂದು ಕೇಳಿದರೆ ಎರಡೂ ಎನ್ನಬೇಕಾದ ಪ್ರಕರಣ ಇದು. ಧರ್ಮವೇ ಮೂಲ ಎನ್ನುವವರಿಗೆ ಕಷ್ಟವಾಗುವುದು ಶ್ರೀಲಂಕಾದ ತಮಿಳು ಉಗ್ರ ಸಂಘಟನೆ ಎಲ್‌ಟಿಟಿಇ. 1991ರ ಮೇ 21ರಂದು ಶ್ರೀಪೆರುಂಬುದೂರಿನಲ್ಲಿ ರಾಜೀವ್ ಗಾಂಧಿಯನ್ನು ಆತ್ಮಾಹುತಿ ಬಾಂಬಿನಿಂದ ಕೊಂದ ಆ ಸಂಘಟನೆ ಕೇಳುತ್ತಿದ್ದದ್ದು ಪ್ರತ್ಯೇಕ ದೇಶ. ದೇವರ ಹೆಸರು ಅಲ್ಲಿ ಇರಲಿಲ್ಲ.

ಸಂಘಟನೆ ಹೇಳಿಕೊಂಡ ಕಾರಣವೇ ನಿಜವಾದ ಕಾರಣ ಎಂದು ನಂಬುವುದು ಇನ್ನೊಂದು ಎಡವಟ್ಟು. ಘೋಷಣೆ ಎಂದರೆ ಹೊಸಬರನ್ನು ಸೇರಿಸಿಕೊಳ್ಳಲು ಬರೆದ ಜಾಹೀರಾತೂ ಹೌದು. ಅದನ್ನು ಪುರಾವೆಯಾಗಿ ಬಳಸಿ, ಆದರೆ ಅವರು ಆರಿಸಿಕೊಂಡ ಗುರಿ ಮತ್ತು ಸಮಯ ಆ ಘೋಷಣೆಗೆ ತಾಳೆಯಾಗುತ್ತದೆಯೇ ನೋಡಿ.

‘ಕಾರಣ ಹುಡುಕುವುದೆಂದರೆ ಸಮರ್ಥಿಸಿದಂತೆ’ ಎಂದು ಎದುರಾಳಿ ಗುಡುಗಿದರೆ ಹೆದರಬೇಕಿಲ್ಲ. ಕೊಲೆ ಕೇಸಿನಲ್ಲಿ ಪೊಲೀಸರು ಉದ್ದೇಶ ಹುಡುಕುವುದು ಆರೋಪಿಯನ್ನು ಬಿಡಿಸಲಿಕ್ಕಲ್ಲ. ಆದರೆ ಮಾತಾಡುವವರೂ ಎಚ್ಚರ ತಪ್ಪಬಾರದು. ‘ಅವರಿಗೆ ಬೇರೆ ದಾರಿ ಇರಲಿಲ್ಲ’ ಎಂದ ಕ್ಷಣ ವಿವರಣೆ ಸಮರ್ಥನೆಯಾಗಿಬಿಡುತ್ತದೆ. ಅದೇ ಅನ್ಯಾಯ ಉಂಡ ಲಕ್ಷಾಂತರ ಜನ ಬಾಂಬ್ ಇಟ್ಟಿಲ್ಲ ಎಂಬ ಒಂದೇ ಸಾಲು ಅದನ್ನು ಕೆಡವುತ್ತದೆ.

ಪ್ರತಿದಾಳಿಯನ್ನು ಅಳೆಯುವುದು

ಇಲ್ಲಿ ತಂಡಗಳು ಕೇಳಬೇಕಾದ ಪ್ರಶ್ನೆಗಳನ್ನು ಒಂದು ಕಾಗದದಲ್ಲಿ ಬರೆದುಕೊಡಿ. ದಾಳಿ ಮಾಡಿದವರು ಇವರೇ ಎಂಬುದಕ್ಕೆ ಆ ಹೊತ್ತಿನಲ್ಲಿ ಎಂಥ ಪುರಾವೆ ಇತ್ತು? ಬಲಪ್ರಯೋಗ ಬಿಟ್ಟು ಬೇರೆ ಉಪಾಯ ಇತ್ತೇ? ಗುರಿ ಸೈನಿಕ ಸ್ವರೂಪದ್ದೇ, ನಾಗರಿಕರಿಗೆ ಆಗಬಹುದಾದ ಹಾನಿ ಮಿತಿಯಲ್ಲಿತ್ತೇ? ಮುಂದಿನ ದಾಳಿ ತಡೆಯುವುದು ಉದ್ದೇಶವೋ, ಮನೆಯಲ್ಲಿನ ಸಿಟ್ಟು ತಣಿಸುವುದೋ? 51ನೇ ವಿಧಿ ಹೇಳುವಂತೆ ಭದ್ರತಾ ಮಂಡಳಿಗೆ ಕೂಡಲೇ ವರದಿ ಕೊಟ್ಟರೇ?

ಪುರಾವೆಯ ಪ್ರಶ್ನೆ ಎಷ್ಟು ತೂಕದ್ದು ಎಂಬುದಕ್ಕೆ ಎರಡು ಉದಾಹರಣೆ ಸಾಕು. 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ 11 ಇಸ್ರೇಲಿಗಳು ಸತ್ತ ಮೇಲೆ, ಹೊಣೆಗಾರರನ್ನು ಬೇಟೆಯಾಡಲು ಹೊರಟ ಇಸ್ರೇಲಿ ಏಜೆಂಟರು 1973ರಲ್ಲಿ ನಾರ್ವೆಯ ಲಿಲ್ಲೆಹ್ಯಾಮರಿನಲ್ಲಿ ಒಬ್ಬ ಹೋಟೆಲ್ ಮಾಣಿಯನ್ನು ಗುಂಡಿಟ್ಟು ಕೊಂದರು. ಆಳು ತಪ್ಪಿತ್ತು. 1998ರಲ್ಲಿ ನೈರೋಬಿ ಮತ್ತು ದಾರ್ ಎಸ್ ಸಲಾಮ್‌ನ ರಾಯಭಾರ ಕಚೇರಿಗಳ ಸ್ಫೋಟಕ್ಕೆ ಉತ್ತರವಾಗಿ ಅಮೆರಿಕ ಸುಡಾನಿನ ಔಷಧ ಕಾರ್ಖಾನೆಗೆ ಕ್ಷಿಪಣಿ ಹೊಡೆಯಿತು. ಅಲ್ಲಿ ರಾಸಾಯನಿಕ ಅಸ್ತ್ರ ತಯಾರಾಗುತ್ತಿತ್ತು ಎಂಬ ಮಾತು ಗಟ್ಟಿ ನಿಲ್ಲಲಿಲ್ಲ.

ಫಲದ ಬಗ್ಗೆ ಮಾತಾಡುವಾಗ ಹೆಚ್ಚು ಉಪಯೋಗಕ್ಕೆ ಬರುವ ಅಂಕಿ ಅಮೆರಿಕದ ಸಂಶೋಧನಾ ಕೇಂದ್ರವಾದ ರ‍್ಯಾಂಡ್ ಸಂಸ್ಥೆಯ 2008ರ ಅಧ್ಯಯನದ್ದು. 1968ರಿಂದ 2006ರವರೆಗಿನ 648 ಭಯೋತ್ಪಾದಕ ಗುಂಪುಗಳನ್ನು ಅದು ನೋಡಿತು. ಒಡೆದು ಬೇರೆ ಗುಂಪಾದವನ್ನು ಬಿಟ್ಟು, ಚಟುವಟಿಕೆ ನಿಲ್ಲಿಸಿದವುಗಳಲ್ಲಿ ಶೇ 43 ರಾಜಕೀಯ ಪ್ರಕ್ರಿಯೆಗೆ ಬಂದವು, ಶೇ 40 ಪೊಲೀಸ್ ಮತ್ತು ಬೇಹುಗಾರಿಕೆಯಿಂದ ಮುಗಿದವು, ಶೇ 10 ಗೆದ್ದವು, ಸೇನಾಬಲದಿಂದ ಮುಗಿದವು ಶೇ 7. ವಿರೋಧದವರು ಇದನ್ನು ಬ್ರಹ್ಮಾಸ್ತ್ರವೆಂದು ತರುತ್ತಾರೆ. ಪರದವರು ತಯಾರಾಗಿದ್ದರೆ ಉತ್ತರ ಇದೆ: ಲೆಕ್ಕ 2006ಕ್ಕೆ ನಿಂತಿದೆ, 2009ರ ಮೇನಲ್ಲಿ ಎಲ್‌ಟಿಟಿಇ ಸೇನೆಯಿಂದಲೇ ಮುಗಿಯಿತು. ಅದಕ್ಕೆ ಮರು ಉತ್ತರವೂ ಇದೆ: ಆ ಕೊನೆಯ ತಿಂಗಳುಗಳಲ್ಲಿ ಸತ್ತ ನಾಗರಿಕರು. ಹೀಗೆ ಮೂರು ಹಂತ ಹೋದ ಚರ್ಚೆ ಕೇಳಲು ಚೆನ್ನಾಗಿರುತ್ತದೆ.

1986ರ ಏಪ್ರಿಲಿನಲ್ಲಿ ಬರ್ಲಿನಿನ ಡಿಸ್ಕೊ ಸ್ಫೋಟಕ್ಕಾಗಿ ಅಮೆರಿಕ ಲಿಬಿಯಾದ ಮೇಲೆ ಬಾಂಬ್ ಹಾಕಿತು. 1988ರ ಡಿಸೆಂಬರಿನಲ್ಲಿ ಸ್ಕಾಟ್ಲೆಂಡಿನ ಲಾಕರ್‌ಬಿಯ ಮೇಲೆ ವಿಮಾನ ಸ್ಫೋಟವಾಗಿ 270 ಜನ ಸತ್ತರು, 2003ರಲ್ಲಿ ಲಿಬಿಯಾ ಹೊಣೆ ಒಪ್ಪಿತು. ಹೊಡೆದರೆ ಸುಮ್ಮನಾಗುತ್ತಾರೆ ಎನ್ನುವವರು ಇದಕ್ಕೆ ಉತ್ತರ ಇಟ್ಟುಕೊಂಡಿರಬೇಕು.

‘ಹೊಡೆಯಬೇಕು ಇಲ್ಲವೇ ಬಳೆ ತೊಟ್ಟು ಕೂರಬೇಕು’ ಎಂಬ ಮಾತಿಗೆ ಚಪ್ಪಾಳೆ ಖಂಡಿತ. ಅಂಕ ಕೊಡಬೇಡಿ. ಮುಂಬೈ ದಾಳಿಯ ನಂತರ ಭಾರತ ಗಡಿ ದಾಟಲಿಲ್ಲ, ಆದರೆ ಕೈಕಟ್ಟಿ ಕೂರಲೂ ಇಲ್ಲ. ಅದೇ ಡಿಸೆಂಬರಿನಲ್ಲಿ ರಾಷ್ಟ್ರೀಯ ತನಿಖಾ ದಳದ ಕಾಯ್ದೆ ಬಂತು. ದಾಳಿಕೋರರು ‘ಕುಬೇರ್’ ಎಂಬ ಮೀನುಗಾರಿಕೆ ದೋಣಿ ಅಪಹರಿಸಿ ಬಂದಿದ್ದರಿಂದ ಕರಾವಳಿ ಕಾವಲು ಬಿಗಿಯಾಯಿತು, ಮೀನುಗಾರರಿಗೆ ಬಯೋಮೆಟ್ರಿಕ್ ಗುರುತಿನ ಚೀಟಿ ಬಂತು. ಬೈತಖೋಲ ಬಂದರಿನ ಮನೆಗಳಿಂದ ಬಂದ ಮಕ್ಕಳಿಗೆ ಇದು ಪುಸ್ತಕದ ವಿಷಯವಲ್ಲ, ಅಪ್ಪನ ಕಿಸೆಯಲ್ಲಿರುವ ಕಾರ್ಡು, ಅವರಿಂದಲೇ ಹೇಳಿಸಿ. 2018ರಿಂದ 2022ರವರೆಗೆ ಪಾಕಿಸ್ತಾನ, ಉಗ್ರರಿಗೆ ಹಣ ಹೋಗದಂತೆ ನೋಡಿಕೊಳ್ಳುವ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಎಟಿಎಫ್‌ನ ನಿಗಾ ಇಡುವ ‘ಬೂದು ಪಟ್ಟಿ’ಯಲ್ಲಿತ್ತು ಎಂಬುದನ್ನೂ ಇದೇ ಸಾಲಿಗೆ ಸೇರಿಸಬಹುದು.

ಸಂಖ್ಯೆ ಹೇಳಿದವರು ಮೂಲ ಹೇಳಲೇಬೇಕು ಎಂಬ ನಿಯಮ ಇರಲಿ. ಬಾಲಾಕೋಟಿನಲ್ಲಿ ‘300 ಉಗ್ರರು’ ಎಂದು ಸಲೀಸಾಗಿ ಹೇಳುತ್ತಾರೆ. ಅಂದಿನ ಅಧಿಕೃತ ಹೇಳಿಕೆಯಲ್ಲಿ ‘ಬಹಳ ದೊಡ್ಡ ಸಂಖ್ಯೆ’ ಎಂದಿತ್ತೇ ಹೊರತು ಅಂಕಿ ಇರಲಿಲ್ಲ. ಇದೇ ಕಾರಣಕ್ಕೆ ಪಹಲ್ಗಾಮ್ ಮತ್ತು 2025ರ ಮೇ 7ರ ಆಪರೇಷನ್ ಸಿಂಧೂರವನ್ನು ಅಂತಿಮ ಸುತ್ತಿಗೆ ಇಡದಿರುವುದು ಒಳ್ಳೆಯದು. ಎರಡು ದೇಶದವರೂ ಹೇಳುವ ಲೆಕ್ಕ ಬೇರೆ ಬೇರೆ. ತೀರ್ಪುಗಾರರು ಅಂಕ ಹಾಕುವುದಾದರೂ ಯಾವ ಆಧಾರದ ಮೇಲೆ?

ಸಭಾಂಗಣದ ವ್ಯವಸ್ಥೆ

ತಂಡಕ್ಕೆ ಇಬ್ಬರು. ಮಂಡನೆ 5 ನಿಮಿಷ, ಎರಡನೆಯವರಿಗೆ 3, ಖಂಡನೆ 2, ಪ್ರಶ್ನೋತ್ತರ 2. ಎರಡು ತಂಡಕ್ಕೆ 24 ನಿಮಿಷ, ಅಂಕ ಬರೆಯಲು 6. ಅರ್ಧ ಗಂಟೆಗೆ ಒಂದು ಪಂದ್ಯ. 100 ಅಂಕಗಳಲ್ಲಿ ಪುರಾವೆಗೆ 30, ತರ್ಕಕ್ಕೆ 25, ಖಂಡನೆಗೆ 25, ಉತ್ತರಗಳಿಗೆ 10, ಭಾಷೆಗೆ 10. ಭಾಷೆಗೆ ಹತ್ತೇ ಯಾಕೆಂದರೆ ತಾಳಮದ್ದಳೆ ಕೇಳಿ ಬೆಳೆದ ಶಿರಸಿ, ಸಿದ್ದಾಪುರದ ಮಕ್ಕಳಿಗೆ ಮಾತು ಮೊದಲೇ ಒಲಿದಿರುತ್ತದೆ, ಮಾತಿನ ಓಘದಲ್ಲಿ ಪುರಾವೆ ತೇಲಿಹೋಗುತ್ತದೆ. ತಾಳಮದ್ದಳೆಯಿಂದ ತೆಗೆದುಕೊಳ್ಳಬೇಕಾದದ್ದು ಬೇರೆಯೇ ಇದೆ. ಇಂದು ವಾಲಿಯ ಅರ್ಥ ಹೇಳಿದವರು ನಾಳೆ ರಾಮನದ್ದನ್ನೂ ಹೇಳುತ್ತಾರೆ. ಅಭ್ಯಾಸದಲ್ಲಿ ಪ್ರತಿ ತಂಡವೂ ಎರಡೂ ಪಕ್ಷ ವಾದಿಸಲಿ; ಯಾವ ಪಕ್ಷ ಎಂಬುದನ್ನು ಸ್ಪರ್ಧೆಗೆ ಒಂದು ಗಂಟೆ ಮೊದಲು ಚೀಟಿ ಎತ್ತಿ ತೀರ್ಮಾನಿಸಿ. ಮಳೆಗಾಲದಲ್ಲಿ ತಗಡಿನ ಮಾಡಿನ ಸಭಾಂಗಣ ಬೇಡ, ಖಂಡನೆ ಯಾರಿಗೂ ಕೇಳಿಸುವುದಿಲ್ಲ.

ನಿರ್ವಾಹಕರು ಶುರುವಿನಲ್ಲೇ ಎರಡು ನಿಯಮ ಹೇಳಬೇಕು. ಸಮುದಾಯದ ಹೆಸರನ್ನಾಗಲಿ ಊರಿನ ಹೆಸರನ್ನಾಗಲಿ ವಾದವಾಗಿ ಬಳಸುವಂತಿಲ್ಲ. ಪತ್ರಿಕೆಗಳಲ್ಲಿ ಕೆಲವು ಆರೋಪಿಗಳ ಹೆಸರಿಗೆ ಭಟ್ಕಳ ಅಂಟಿಕೊಂಡಿದೆ. ಅದೇ ಊರಿನಿಂದ ಬಂದ ವಿದ್ಯಾರ್ಥಿ ಎದುರಿಗೆ ಕೂತಿರುತ್ತಾನೆ. ಒಮ್ಮೆ ಮೀರಿದರೆ ಗಂಟೆ ಬಾರಿಸಿ 10 ಅಂಕ ಕಳೆಯಿರಿ, ಎರಡನೆಯ ಸಲ ಮಾತು ನಿಲ್ಲಿಸಿ. ಎರಡನೆಯದು, ‘ನಿಮ್ಮ ಮನೆಯವರು ಸತ್ತಿದ್ದರೆ?’ ಎಂಬ ಪ್ರಶ್ನೆ ನಿಷಿದ್ಧ. ಕದಂಬ ನೌಕಾನೆಲೆಯ ಕಾರವಾರದಲ್ಲಿ ಸಭಿಕರ ನಡುವೆ ಸಮವಸ್ತ್ರದವರ ಮಕ್ಕಳು ಇದ್ದೇ ಇರುತ್ತಾರೆ, ಅವರ ಮಟ್ಟಿಗೆ ಅದು ಬರಿಯ ಚರ್ಚೆಯ ಮಾತಲ್ಲ.

ಮೊಬೈಲ್ ವಿಡಿಯೊ ವಿಷಯದಲ್ಲಿ ಬಿಗಿಯಾಗಿರಿ. ಚೀಟಿಯಲ್ಲಿ ಬಂದ ಪಕ್ಷ ವಾದಿಸಿದ ಹುಡುಗಿಯ 30 ಸೆಕೆಂಡಿನ ತುಣುಕು ಸಂಜೆಯೊಳಗೆ ವಾಟ್ಸಾಪಿನಲ್ಲಿ ‘ಉಗ್ರರ ಪರ ಮಾತಾಡಿದವಳು’ ಎಂದು ಓಡಾಡಬಹುದು. ಸಭಿಕರ ಫೋನು ಬಾಗಿಲಲ್ಲೇ ತೆಗೆದಿಡಿ. ದಾಖಲೆಗೆ ಬೇಕಿದ್ದರೆ ಕಾಲೇಜೇ ಚಿತ್ರೀಕರಿಸಲಿ. ಚೀಟಿ ಎತ್ತುವುದೂ ಅದರಲ್ಲಿ ಬರಲಿ, ಮೇಜಿನ ಮೇಲೆ ‘ಪರ’, ‘ವಿರೋಧ’ ಎಂಬ ದಪ್ಪಕ್ಷರದ ಫಲಕ ಪ್ರತಿ ಚೌಕಟ್ಟಿನಲ್ಲೂ ಕಾಣುವಂತಿರಲಿ, ಕೊಡುವುದಿದ್ದರೆ ಇಡೀ ಪಂದ್ಯವನ್ನೇ ಕೊಡಿ.