ಅಮೆರಿಕದ ಸುಂಕ ನೀತಿಯಲ್ಲಿ ಯಾರ ಮಾತು ನಡೆಯುತ್ತದೆ

ಶಿವಮೊಗ್ಗದ ಅಡಿಕೆ ಮಂಡಿಯ ವ್ಯವಹಾರ ಬಲ್ಲ ಮನೆಗಳಿಂದ ಹೋಗಿ ಅಮೆರಿಕದಲ್ಲಿ ನೆಲೆಸಿದವರಿಗೆ ಹಿತಾಸಕ್ತಿ ಗುಂಪುಗಳ ಕೆಲಸ ಹೊಸದೇನಲ್ಲ. 2023ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351 ರೂಪಾಯಿಗೆ ಏರಿಸಿದ್ದರ ಹಿಂದೆ ಬೆಳೆಗಾರರ ಸಂಘಗಳ, ಸಹಕಾರಿ ಸಂಸ್ಥೆಗಳ ಹಾಗೂ ಜನಪ್ರತಿನಿಧಿಗಳ ಒತ್ತಾಯವಿತ್ತು. ರಾಶಿ, ಬೆಟ್ಟೆ ಎಂಬ ಅಡಿಕೆ ಬಗೆಗಳ ಧಾರಣೆ ಕುಸಿದರೆ ವರ್ಷದ ಲೆಕ್ಕವೆಲ್ಲ ಏರುಪೇರಾಗುವ ತೀರ್ಥಹಳ್ಳಿಯ ಬೆಳೆಗಾರರು ದೆಹಲಿಯ ಬಾಗಿಲು ತಟ್ಟುತ್ತಾರೆ. ಎಲೆಅಡಿಕೆ ಹಾಕುವವರು ಚೂರು ಬೆಲೆ ಏರಿತೆಂದು ಮನವಿ ಪತ್ರ ಹಿಡಿದು ಹೊರಡುವುದಿಲ್ಲ. ವಾಷಿಂಗ್ಟನ್ನಿನಲ್ಲಿಯೂ ನಡೆಯುವುದು ಇದೇ.

ಇದಕ್ಕೆ ಸಕ್ಕರೆಗಿಂತ ಸ್ಪಷ್ಟ ಉದಾಹರಣೆ ಸಿಗದು. ಫ್ಲಾರಿಡಾ, ಲೂಯಿಸಿಯಾನಾಗಳ ಕಬ್ಬು ಬೆಳೆಗಾರರೂ ಮಿನ್ನೆಸೋಟ, ನಾರ್ತ್ ಡಕೋಟಾಗಳ ಸಕ್ಕರೆ ಬೀಟ್ ಬೆಳೆಗಾರರೂ ಸಂಖ್ಯೆಯಲ್ಲಿ ಕಡಿಮೆ, ಸಂಘಟನೆಯಲ್ಲಿ ಗಟ್ಟಿ. ನಿಗದಿತ ಪ್ರಮಾಣದವರೆಗೆ ಕಡಿಮೆ ಸುಂಕ, ಅದನ್ನು ಮೀರಿದ ಆಮದಿಗೆ ಭಾರಿ ಸುಂಕ ಎಂಬ ಪದ್ಧತಿಯನ್ನು ಅವರು ದಶಕಗಳಿಂದ ಉಳಿಸಿಕೊಂಡು ಬಂದಿದ್ದಾರೆ. ಮಿಠಾಯಿ ತಯಾರಕರ ಸಂಘ ಇದನ್ನು ವಿರೋಧಿಸುತ್ತಲೇ ಇದೆ; ಹೆಚ್ಚಿನ ದರ ತೆರುವ ಕೋಟ್ಯಂತರ ಮನೆಗಳ ಪರವಾಗಿ ಮಾತ್ರ ಅಷ್ಟೇ ಹಟದಿಂದ ಓಡಾಡುವವರಿಲ್ಲ.

ವಿದೇಶಿ ವ್ಯಾಪಾರದ ನಿಯಂತ್ರಣವನ್ನು ಅಮೆರಿಕದ ಸಂವಿಧಾನ ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿಗೆ ವಹಿಸಿದೆ. 1930ರ ಸ್ಮೂಟ್-ಹಾಲಿ ಕಾಯ್ದೆಯಲ್ಲಿ ಸದಸ್ಯರು ತಂತಮ್ಮ ಕ್ಷೇತ್ರದ ಸರಕುಗಳಿಗೆ ರಕ್ಷಣೆ ಕೇಳುತ್ತಾ ಸುಂಕವನ್ನು ಏರಿಸಿದರು. ಅದರ ಕಹಿ ಅನುಭವದ ನಂತರ, 1934ರಲ್ಲಿ, ಸುಂಕ ಇಳಿಸುವ ಒಪ್ಪಂದಗಳ ಅಧಿಕಾರವನ್ನು ಅಧ್ಯಕ್ಷರಿಗೆ ಕೊಡಲಾಯಿತು. 1974ರ ವ್ಯಾಪಾರ ಕಾಯ್ದೆ ಸಲಹಾ ಸಮಿತಿಗಳ ವ್ಯವಸ್ಥೆಯನ್ನು ರೂಪಿಸಿತು. ಸಾರ್ವಜನಿಕರಿಗೆ ಕಾಣದ ಸಂಧಾನದ ಕರಡುಗಳನ್ನು ಈ ಸಮಿತಿಗಳಲ್ಲಿ ಕುಳಿತ ಉದ್ಯಮ ಪ್ರತಿನಿಧಿಗಳು ನೋಡಬಲ್ಲರು ಎಂಬುದು, ನನ್ನ ದೃಷ್ಟಿಯಲ್ಲಿ, ಚುನಾವಣಾ ದೇಣಿಗೆಗಿಂತ ಹೆಚ್ಚು ಗಮನಿಸಬೇಕಾದ ಸಂಗತಿ.

ಇದರ ಬಿಸಿ ಭಾರತಕ್ಕೂ ತಟ್ಟಿದೆ. ಮಾಂಸಮೂಲದ ಆಹಾರ ತಿನ್ನದ ಹಸುವಿನ ಹಾಲಿನದೇ ಉತ್ಪನ್ನವೆಂಬ ಪ್ರಮಾಣಪತ್ರವನ್ನು ಭಾರತ ಕೇಳುತ್ತದೆಂದು ಅಮೆರಿಕದ ಹೈನೋದ್ಯಮ ಸಂಘಗಳೂ, ಬೆಲೆ ನಿಯಂತ್ರಣದ ವಿರುದ್ಧ ವೈದ್ಯಕೀಯ ಉಪಕರಣ ತಯಾರಕರೂ ಸಲ್ಲಿಸಿದ ಅರ್ಜಿಗಳ ಬೆನ್ನಲ್ಲೇ 2018ರಲ್ಲಿ ಭಾರತಕ್ಕಿದ್ದ ಸುಂಕ ವಿನಾಯಿತಿಯ ಮರುಪರಿಶೀಲನೆ ಆರಂಭವಾಯಿತು. ಅಭಿವೃದ್ಧಿಶೀಲ ದೇಶಗಳಿಗೆ ಅಮೆರಿಕ ಆಗ ನೀಡುತ್ತಿದ್ದ ಈ ಸುಂಕ ವಿನಾಯಿತಿಯನ್ನು ಭಾರತ 2019ರ ಜೂನ್ 5ರಿಂದ ಕಳೆದುಕೊಂಡಿತು. ಹೊಡೆತ ಬಿದ್ದದ್ದು ಹಾಲಿಗೂ ಉಪಕರಣಕ್ಕೂ ಸಂಬಂಧವೇ ಇಲ್ಲದ ಚರ್ಮದ ಸರಕು, ಕರಕುಶಲ ವಸ್ತುಗಳ ರಫ್ತುದಾರರ ಮೇಲೆ.

ಲಾಬಿಯೆಂದರೆ ಕತ್ತಲ ವ್ಯವಹಾರವೆಂದು ನಮ್ಮವರಲ್ಲಿ ಹಲವರು ತಿಳಿದಿದ್ದಾರೆ. ಸರ್ಕಾರಕ್ಕೆ ಅಹವಾಲು ಸಲ್ಲಿಸುವುದು ಅಲ್ಲಿ ಸಂವಿಧಾನದ ಮೊದಲ ತಿದ್ದುಪಡಿ ಕಾಪಾಡುವ ಹಕ್ಕು. 1995ರ ಕಾಯ್ದೆ ಮತ್ತು 2007ರ ತಿದ್ದುಪಡಿಗಳ ಪ್ರಕಾರ ವೃತ್ತಿಪರ ಲಾಬಿಗಾರರು ನೋಂದಾಯಿಸಿಕೊಂಡು, ಯಾರ ಪರವಾಗಿ, ಯಾವ ವಿಷಯಕ್ಕೆ, ಸುಮಾರು ಎಷ್ಟು ಹಣಕ್ಕೆ ಕೆಲಸ ಮಾಡಿದರೆಂದು ಮೂರು ತಿಂಗಳಿಗೊಮ್ಮೆ ವರದಿ ಕೊಡಬೇಕು. ಆ ವರದಿಗಳನ್ನು ಯಾರು ಬೇಕಾದರೂ ಅಂತರ್ಜಾಲದಲ್ಲಿ ಓದಬಹುದು. ದಯವಿಟ್ಟು ಒಮ್ಮೆ ಓದಿ.

ಸುಂಕ ಬದಲಾವಣೆಯ ಎಷ್ಟೋ ಪ್ರಸ್ತಾವಗಳು ಫೆಡರಲ್ ರಿಜಿಸ್ಟರ್ ಎಂಬ ಸರ್ಕಾರಿ ಪ್ರಕಟಣೆಯಲ್ಲಿ ಬಂದಾಗ ಸಾರ್ವಜನಿಕರ ಅಭಿಪ್ರಾಯ ಕೇಳುತ್ತಾರೆ. ಅಭಿಪ್ರಾಯ ಬರೆಯಲು ಪೌರತ್ವ ಬೇಕಿಲ್ಲ. ಮಲೆನಾಡಿನ ಏಲಕ್ಕಿ, ಕಾಳುಮೆಣಸು ತರಿಸಿ ಮಾರುವವರು ಸರಕಿನ ಸುಂಕ ಸಂಕೇತ ಸಂಖ್ಯೆಯನ್ನೂ, ಸುಂಕ ಏರಿದರೆ ತಮ್ಮ ಖರೀದಿ ಬೆಲೆಯಲ್ಲಾಗುವ ವ್ಯತ್ಯಾಸವನ್ನೂ ಬರೆದರೆ ಆ ಪತ್ರಕ್ಕೆ ತೂಕವಿರುತ್ತದೆ. ಬರೆದದ್ದು ಸಾಮಾನ್ಯವಾಗಿ ಹೆಸರು ಸಮೇತ ಬಹಿರಂಗವಾಗುವುದರಿಂದ ವ್ಯಾಪಾರದ ಗುಟ್ಟುಗಳನ್ನು ಅದರಲ್ಲಿ ಸೇರಿಸಬಾರದು. ಚುನಾವಣಾ ದೇಣಿಗೆಯ ವಿಷಯ ಬೇರೆ: ಗ್ರೀನ್ ಕಾರ್ಡ್ ಇದ್ದವರು ಕೊಡಬಹುದು, ಎಚ್-1ಬಿ ಅಥವಾ ವಿದ್ಯಾರ್ಥಿ ವೀಸಾದಲ್ಲಿರುವವರು ಯಾವ ಅಭ್ಯರ್ಥಿಗೂ, ಪಕ್ಷಕ್ಕೂ, ರಾಜಕೀಯ ಸಮಿತಿಗೂ ಒಂದು ಡಾಲರನ್ನೂ ಕೊಡುವಂತಿಲ್ಲ.